ಗಂಟೆ ಹೊಡೆದರೂ ಓಡದ ಇಬ್ಬರು

ಸೆಪ್ಟೆಂಬರ್ 2, ಸೋಮವಾರ

ಪ್ರಮಾಣವಚನ ಮುಗಿಯಿತು. ಬೆಳಿಗ್ಗೆ ಎದ್ದಾಗ ಒಂದು ಊರಿನ ಹೆಂಗಸು, ಮಧ್ಯಾಹ್ನದ ಹೊತ್ತಿಗೆ ಇಡೀ ದೇಶದ ಹೆಂಗಸು. ಮೂರು ಸಲ ರಾಜ್ಯದ ವಿಧಾನಸಭೆಗೆ ಗೆದ್ದವಳು ನಾನು, ಸಭೆ ಸದನ ನನಗೇನೂ ಹೊಸದಲ್ಲ. ಆದರೂ ಸಂಸತ್ತಿನಲ್ಲಿ ನನ್ನ ಹೆಸರು ಕರೆದಾಗ ಕಾಲು ನೆಲದ ಮೇಲಿರಲಿಲ್ಲ. ವೇದಿಕೆ ಹತ್ತುವಾಗ ಇರುವ ಮೆಟ್ಟಿಲನ್ನೆಲ್ಲ ಹತ್ತಿ, ಇಲ್ಲದ ಮೆಟ್ಟಿಲನ್ನೂ ಒಂದು ಹತ್ತಿದೆ. ಟೀವಿಯವರು ಅದನ್ನೇ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಾರಂತೆ. ತೋರಿಸಲಿ, ಅಷ್ಟು ಹೊತ್ತಾದರೂ ನನ್ನ ಮುಖ ಬರುತ್ತದಲ್ಲ.

ನನಗೊಂದು ಆಫೀಸು ಕೋಣೆ ಕೊಟ್ಟಿದ್ದಾರೆ. ಅದರಲ್ಲಿ ತಿರುಗುವ ಕುರ್ಚಿ. ಬಾಗಿಲು ಹಾಕಿಕೊಂಡು ಮನಸಾರೆ ತಿರುಗಿದೆ. ಹೊಲಿಗೆ ಅಂಗಡಿಯಲ್ಲಿ ಅರ್ಧ ಆಯಸ್ಸು ಸ್ಟೂಲಿನ ಮೇಲೆ ಕಳೆದವಳಿಗೆ ಇದು ಸ್ವರ್ಗ. ಈಗ ಅಂಗಡಿ ನೋಡಿಕೊಳ್ಳುವ ತಂಗಿಗೆ ಫೋನ್ ಮಾಡಿ ಕುರ್ಚಿಯ ವಿಷಯ ಹೇಳಿದೆ. ದೇಶ ನಡೆಸೋಕೆ ಹೋಗಿದ್ದೀಯೋ ಜಾಯಿಂಟ್ ವೀಲ್ ಹತ್ತೋಕೆ ಹೋಗಿದ್ದೀಯೋ ಎಂದು ಕೇಳಿದಳು.

ಸಂಜೆ ನಮ್ಮ ಪಕ್ಷದ ಸಚೇತಕರು ಬಂದರು. ಓಟಿನ ಹೊತ್ತಿಗೆ ನಮ್ಮ ಸದಸ್ಯರನ್ನೆಲ್ಲ ಹುಡುಕಿ ಹಿಡಿದು ಸದನದೊಳಗೆ ನೂಕುವುದು ಇವರ ಕೆಲಸ. ಇಂಗ್ಲಿಷಿನಲ್ಲಿ ವಿಪ್ ಎನ್ನುತ್ತಾರೆ, ನಾನು ಮನಸ್ಸಿನಲ್ಲಿ ವಿಪ್ಪಣ್ಣ ಎಂದು ಹೆಸರಿಟ್ಟಾಯಿತು. ಎರಡು ಫೋನು, ಒಂದು ಬೆವರು ಒರೆಸುವ ಕರವಸ್ತ್ರ, ಕೂರುವ ಅಭ್ಯಾಸ ಇಲ್ಲ. ನಮ್ಮ ಸರ್ಕಾರದ ಬಹುಮತ ನೂಲಿನಷ್ಟು, ಗಂಟೆ ಹೊಡೆದರೆ ಸ್ನಾನ ಮಾಡುತ್ತಿದ್ದರೂ ಓಡಿ ಬರಬೇಕು ಎಂದರು. ಬಟ್ಟೆ ಹಾಕಿಕೊಳ್ಳಬಹುದೇ ಎಂದು ಕೇಳಿದೆ. ಪಾಪ, ಅವರಿಗೆ ನಗುವುದಕ್ಕೂ ಪುರುಸೊತ್ತಿಲ್ಲ.

ಇಲ್ಲಿ ಬರೆದಿಡುತ್ತೇನೆ, ಯಾರೂ ನೋಡುವುದಿಲ್ಲವಲ್ಲ: ನಾನು ಮಂತ್ರಿ ಆಗಬೇಕು. ರಾಜ್ಯದಲ್ಲಿ ಮೂರು ಸಲವೂ ಮೂಗಿಗೆ ತುಪ್ಪ ಸವರಿ ಕೂರಿಸಿದರು. ಇಲ್ಲಿ ಆಗಿಯೇ ತೀರುತ್ತೇನೆ. ಜವಳಿ ಖಾತೆಯೇ ಬೇಕು. ಬಟ್ಟೆ ಎಂದರೆ ಏನೆಂದು ತಿಳಿದವರು ಒಬ್ಬರಾದರೂ ಆ ಕುರ್ಚಿಯಲ್ಲಿ ಕೂರಬೇಡವೇ? ಈಗಿನ ಮಂತ್ರಿಗಳ ಕೋಟಿನ ಎಡತೋಳು ಬಲತೋಳಿಗಿಂತ ಗಿಡ್ಡ.

ಸೆಪ್ಟೆಂಬರ್ 5, ಗುರುವಾರ

ಇವತ್ತು ಮೊದಲ ಗಂಟೆ. ಕ್ಯಾಂಟೀನಿನಲ್ಲಿ ಬನ್ನಿಗೆ ಬೆಣ್ಣೆ ಸವರುತ್ತಿದ್ದೆ, ಗೋಡೆಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಕಾರಿಡಾರು, ಲಿಫ್ಟು, ಬಚ್ಚಲು, ಎಲ್ಲ ಕಡೆ ಗಂಟೆ ಕಟ್ಟಿದ್ದಾರೆ. ಅದು ನಿಂತ ಕೂಡಲೇ ಬಾಗಿಲು ಹಾಕುತ್ತಾರೆ, ಆಮೇಲೆ ಬಂದವರು ಬಂದಂತೆ ಅಲ್ಲ. ಬಿಳಿ ತಲೆಯ ದೊಡ್ಡ ಮನುಷ್ಯರೆಲ್ಲ ಶಾಲೆಯ ಮಕ್ಕಳ ಹಾಗೆ ಓಡುತ್ತಿದ್ದರು. ನಾನೂ ಕೈಯಲ್ಲಿ ಬನ್ನು ಹಿಡಿದುಕೊಂಡೇ ಓಡಿದೆ.

ಸದನದ ಎರಡೂ ಕಡೆ ಒಂದೊಂದು ಮೊಗಸಾಲೆ. ಹೌದು ಎನ್ನುವವರು ಒಂದರೊಳಗೆ ಹೋಗಬೇಕು, ಇಲ್ಲ ಎನ್ನುವವರು ಇನ್ನೊಂದರೊಳಗೆ. ಹೋದವರನ್ನು ತಲೆ ಎಣಿಸುತ್ತಾರೆ. ನಾನು ಜನ ಜಾಸ್ತಿ ಕಂಡ ಕಡೆ ನುಗ್ಗಿದೆ. ಅಷ್ಟರಲ್ಲಿ ಒಬ್ಬರು ಉದ್ದನೆಯ ಮನುಷ್ಯ ಬಾಗಿಲಿಗೆ ಅಡ್ಡ ಕೈ ಹಿಡಿದರು.

"ಮೇಡಂ, ನಿಮ್ಮದು ಆ ಕಡೆ ಬಾಗಿಲು. ಇಲ್ಲಿ ಬಂದ್ರೆ ನಮಗೆ ಸಂತೋಷ, ನಿಮಗೆ ಸೀದಾ ಮನೆ ದಾರಿ."

ವಿರೋಧ ಪಕ್ಷದವರು! ಸುಮ್ಮನಿದ್ದಿದ್ದರೆ ಅವರಿಗೆ ಒಂದು ಓಟು ಬಿಟ್ಟಿಯಾಗಿ ಸಿಗುತ್ತಿತ್ತು, ನನ್ನ ಮಾನ ಹರಾಜಾಗುತ್ತಿತ್ತು. ಥ್ಯಾಂಕ್ಸ್ ಹೇಳುವಷ್ಟೂ ಸಮಯವಿರಲಿಲ್ಲ, ಬನ್ನನ್ನು ಅವರ ಕೈಗಿಟ್ಟು ಓಡಿದೆ. ಆಮೇಲೆ ವಿಚಾರಿಸಿದೆ. ದನದ ಡಾಕ್ಟರಾಗಿದ್ದವರಂತೆ, ನಾಲ್ಕನೇ ಸಲ ಗೆದ್ದು ಬಂದವರಂತೆ. ಕೋಟಿನ ಒಳಬಟ್ಟೆ ಹಿಂದುಗಡೆ ಜೋತು ಬಿದ್ದಿತ್ತು. ದೇಶದ ಸಂಸತ್ತಿಗೆ ಯಾರಾದರೂ ಹಾಗೆ ಬರುತ್ತಾರೆಯೇ?

ಸೆಪ್ಟೆಂಬರ್ 11, ಬುಧವಾರ

ತಂಗಿಗೆ ಕಣ್ಣಿನ ಪೊರೆಯ ಆಪರೇಷನ್ ಮುಂದಿನ ಬುಧವಾರ ಅಂತ ಗೊತ್ತಾಗಿದೆ. ನಾನು ಪಕ್ಕದಲ್ಲಿಲ್ಲದಿದ್ದರೆ ಅವಳು ಡಾಕ್ಟರಿಗೇ ಸೂಜಿಗೆ ದಾರ ಪೋಣಿಸುವುದು ಹೇಗೆಂದು ಪಾಠ ಹೇಳಿಯಾಳು. ಆದರೆ ಅವತ್ತೇ ಸಕ್ಕರೆ ಮಸೂದೆಗೆ ಓಟು. ವಿಪ್ಪಣ್ಣನನ್ನು ರಜೆ ಕೇಳಿದೆ, ಎದೆ ಹಿಡಿದುಕೊಂಡರು. ಆಮೇಲೆ ಇಲ್ಲಿನ ಒಂದು ಹಳೆಯ ಪದ್ಧತಿ ಹೇಳಿಕೊಟ್ಟರು.

ಗೈರು ಒಪ್ಪಂದ ಅಂತ ಅದರ ಹೆಸರು. ನಮ್ಮ ಕಡೆಯವರೊಬ್ಬರು ಓಟಿಗೆ ಬರಲು ಆಗದಿದ್ದರೆ ಎದುರು ಪಕ್ಷದ ಒಬ್ಬರನ್ನು ಹುಡುಕಿ, ನಾನೂ ಬರಲ್ಲ, ನೀವೂ ಬರಬೇಡಿ ಎಂದು ಮಾತಾಡಿಕೊಳ್ಳುವುದು. ಆ ಕಡೆ ಒಂದು ಕಡಿಮೆ, ಈ ಕಡೆ ಒಂದು ಕಡಿಮೆ, ಲೆಕ್ಕ ಸಮ. ಬರೆದುಕೊಳ್ಳುವುದಿಲ್ಲ, ಸಹಿ ಇಲ್ಲ, ಬರೀ ಬಾಯಿಮಾತು. ಕೇಳಿ ನಗು ಬಂತು. ಒಬ್ಬರ ಮೇಲೊಬ್ಬರು ದಿನಾ ಕೂಗಾಡುವ ಈ ಜನ ಇಷ್ಟು ದೊಡ್ಡ ವಿಷಯವನ್ನು ಬಾಯಿಮಾತಿನ ಮೇಲೆ ಬಿಟ್ಟಿದ್ದಾರೆ.

ಎದುರು ಪಕ್ಷದಲ್ಲಿ ನನಗೆ ಗೊತ್ತಿರುವುದು ಒಬ್ಬರೇ. ಗ್ರಂಥಾಲಯದಲ್ಲಿ ಸಿಕ್ಕಿದರು. ಕುದುರೆಯ ಗೊರಸಿನ ಬಗ್ಗೆ ಏನೋ ಓದುತ್ತಿದ್ದರು. ವಿಷಯ ಹೇಳಿದೆ, ಆಗಲಿ ಎಂದರು, ಪುಟ ತಿರುಗಿಸಿದರು. ಅಷ್ಟೇನೇ? ನೀವು ಒಳಗೆ ಹೋಗಿಬಿಟ್ಟರೆ ನನಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದೆ.

"ಗೊತ್ತಾಗಲ್ಲ ಮೇಡಂ. ನಂಬ್ಕೋಬೇಕು."

ಬನ್ನು ಚೆನ್ನಾಗಿತ್ತು, ಬೆಣ್ಣೆ ಸ್ವಲ್ಪ ಜಾಸ್ತಿ ಎಂದೂ ಹೇಳಿದರು.

ಸೆಪ್ಟೆಂಬರ್ 18, ಬುಧವಾರ

ತಂಗಿಗೆ ನೆಗಡಿ. ಆಪರೇಷನ್ ಮುಂದಕ್ಕೆ ಹೋಯಿತು. ನಾನು ಊರಿಗೆ ಹೋಗಲಿಲ್ಲ. ಆದರೆ ಕೊಟ್ಟ ಮಾತು ಕೊಟ್ಟಂತೆ, ನಾನು ಒಳಗೆ ಹೋಗುವ ಹಾಗಿಲ್ಲ, ಅವರೂ ಹೋಗುವ ಹಾಗಿಲ್ಲ. ಕಟ್ಟಡದ ಹಿಂದಿನ ತೋಟದಲ್ಲಿ ಅವರು ಕೂತಿದ್ದರು. ನಾನೂ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ, ಕಾವಲಿಗೆ ಅಂತ.

ಗಂಟೆ ಹೊಡೆಯಿತು. ನನ್ನ ಕಾಲು ತಾವಾಗಿ ಎದ್ದವು. ನೋಡುತ್ತೇನೆ, ಅವರ ಕಾಲೂ ಎದ್ದಿವೆ. ಇಬ್ಬರೂ ನಿಂತುಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು, ಮತ್ತೆ ಕೂತೆವು. ಗಂಟೆ ನಿಲ್ಲುವ ಲಕ್ಷಣವೇ ಇಲ್ಲ. ಕಿಟಕಿಗಳಲ್ಲಿ ದೇಶದ ದೊಡ್ಡ ದೊಡ್ಡವರೆಲ್ಲ ಆ ಕಡೆಯಿಂದ ಈ ಕಡೆಗೆ ಓಡುವುದು ಕಾಣುತ್ತಿತ್ತು. ವಿಪ್ಪಣ್ಣ ಒಬ್ಬ ಮುದುಕರನ್ನು ತೋಳು ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ನಾವು ಟೀ ಕುಡಿಯುತ್ತಾ ನೋಡಿದೆವು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಶಾಲೆಗೆ ಚಕ್ಕರ್ ಹೊಡೆದ ಮೇಲೆ ಇಷ್ಟು ಖುಷಿ ನನಗೆ ಆಗಿದ್ದೇ ಇಲ್ಲ.

ಡಾಕ್ಟರು ನಗುವುದು ವಿಚಿತ್ರ. ಸದ್ದೇ ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತವೆ. ಮದುವೆಯಾಗಿಲ್ಲವಂತೆ. ಮಾತುಕತೆಗೆ ಹೋದ ದಿನವೇ ಯಾರದೋ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತಂತೆ, ನಡುವೆಯೇ ಎದ್ದು ಹೋದರಂತೆ. ಕರು ಬದುಕಿತು, ಮದುವೆ ಸತ್ತಿತು ಎಂದರು. ಸಕ್ಕರೆ ಮಸೂದೆ ಪಾಸಾಯಿತು.

ಸೆಪ್ಟೆಂಬರ್ 27, ಶುಕ್ರವಾರ

ತಂಗಿಯ ಕಣ್ಣು ಸರಿಹೋಯಿತು. ಸೋಮವಾರ ಹೋಗಿ ಪಕ್ಕದಲ್ಲಿ ನಿಂತು ಬಂದೆ. ಅದಕ್ಕೂ ಡಾಕ್ಟರ ಜೊತೆಗೇ ಒಪ್ಪಂದ. ನಿನ್ನೆ ನನಗೆ ಹಲ್ಲು ನೋವು ಬಂದಿದ್ದರಿಂದ ಮತ್ತೊಂದು ಒಪ್ಪಂದ. ಹಲ್ಲು ಅಷ್ಟೇನೂ ನೋಯುತ್ತಿರಲಿಲ್ಲ, ಆದರೆ ನೋಯುವ ಹಾಗಿತ್ತು. ವಿಪ್ಪಣ್ಣನಿಗೇನು, ಲೆಕ್ಕ ಸಮ ಇದ್ದರೆ ಸಾಕು.

ಅವರ ಕೋಟನ್ನು ಬಿಚ್ಚಿಸಿಕೊಂಡು ಒಳಬಟ್ಟೆ ಹೊಲಿದುಕೊಟ್ಟೆ. ಇದರಲ್ಲಿ ವಿಶೇಷ ಏನೂ ಇಲ್ಲ, ಜೋತು ಬಿದ್ದ ಬಟ್ಟೆ ನನಗೆ ನೋಡುವುದಕ್ಕಾಗುವುದಿಲ್ಲ ಅಷ್ಟೇ. ಮೂರನೇ ಗುಂಡಿಯೂ ಸಡಿಲವಾಗಿತ್ತು. ಕಾಲರೂ ಸ್ವಲ್ಪ. ಹೊಲಿಯುವಾಗ ಅವರು, ಊಟ ಆಯ್ತಾ ಮೇಡಂ ಎಂದು ಕೇಳಿದರು. ಸೂಜಿ ಬೆರಳಿಗೆ ಚುಚ್ಚಿಕೊಂಡೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನ್ನನ್ನು ಹೀಗೆ ಕೇಳಿದವರು ಯಾರೂ ಇಲ್ಲ. ಎಲ್ಲರೂ ಕೆಲಸ ಆಯಿತೇ ಎಂದೇ ಕೇಳುತ್ತಾರೆ.

ತಂಗಿಗೆ ಫೋನಿನಲ್ಲಿ ಸಂಸತ್ತಿನ ಸುದ್ದಿಯೆಲ್ಲ ಹೇಳಿದೆ. ಕೊನೆಗೆ ಅವಳು, "ಅಕ್ಕ, ಸಂಸತ್ತಲ್ಲಿ ಆ ಡಾಕ್ಟ್ರು ಬಿಟ್ರೆ ಬೇರೆ ಯಾರೂ ಇಲ್ವಾ?" ಎಂದಳು. ಕಣ್ಣಿನ ಪೊರೆ ತೆಗೆದ ಮೇಲೆ ಇವಳಿಗೆ ಇಲ್ಲದ್ದೆಲ್ಲ ಕಾಣುತ್ತಿದೆ.

ಅಕ್ಟೋಬರ್ 3, ಗುರುವಾರ

ವಾರವಿಡೀ ಸದನ ಇಲ್ಲ. ಡಾಕ್ಟರು ಊರಿಗೆ ಹೋಗಿದ್ದಾರೆ. ಬೇಜಾರು. ಸದನ ಇಲ್ಲವಲ್ಲ, ಅದಕ್ಕೆ.

ಅಕ್ಟೋಬರ್ 8, ಮಂಗಳವಾರ

ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ. ವಿಪ್ಪಣ್ಣ ಬೆಳಿಗ್ಗೆ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು, ಮೊದಲ ಸಲ ಕುರ್ಚಿಯಲ್ಲಿ ಕೂತರು. ಈ ತಿಂಗಳ ಕೊನೆಗೆ ಮಂತ್ರಿಮಂಡಲ ವಿಸ್ತರಣೆ. ದೊಡ್ಡವರು, ಅಂದರೆ ನಮ್ಮ ಪಕ್ಷದ ನಾಯಕರು, ಪ್ರಧಾನಿಗಳು, ನನ್ನ ಹೆಸರು ಬರೆದುಕೊಂಡಿದ್ದಾರೆ. ಉಪಮಂತ್ರಿ. ಜವಳಿ ಖಾತೆ!

ಅವರು ಆ ಕಡೆ ಹೋದದ್ದೇ ತಡ, ಕುರ್ಚಿಯಲ್ಲಿ ತಿರುಗಿದೆ, ಗೋಡೆಗೆ ಕಾಲು ಒದ್ದು ಮತ್ತೂ ತಿರುಗಿದೆ. ತಂಗಿಗೆ ಹೇಳಿದೆ. ಅವಳು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೂಗಿ ಹೇಳಿದಳು, ಆಮೇಲೆ ಫೋನು ಹಾಗೇ ಬಿಟ್ಟು ಅತ್ತಳು. ನಾನೂ ಅತ್ತೆ. ಮೆಷಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು.

ತಕ್ಷಣ ಡಾಕ್ಟರಿಗೆ ಹೇಳಬೇಕೆನಿಸಿ ಹುಡುಕಿಕೊಂಡು ಹೋದೆ. ವಿರೋಧ ಪಕ್ಷದವರಿಗೆ ಹೇಳಬಾರದ ಗುಟ್ಟು ಎಂಬುದು ಹೇಳಿದ ಮೇಲೆ ನೆನಪಾಯಿತು. ಅವರು ಎದ್ದು ನಿಂತು ಕೈ ಕುಲುಕಿದರು. ಕೈ ಬಿಡುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಯಾರು ಬಿಡಲಿಲ್ಲವೋ ಗೊತ್ತಿಲ್ಲ. ಆಮೇಲೆ ಅವರೂ ಒಂದು ವಿಷಯ ಹೇಳಿದರು. ಬಹಳ ದಿನದಿಂದ ಹರ್ನಿಯಾ, ಮುಂದೂಡುತ್ತಾ ಬಂದಿದ್ದಾರೆ, ಇನ್ನು ಮುಂದೂಡಿದರೆ ಅಪಾಯವಂತೆ. ಹದಿನಾರನೇ ತಾರೀಖು ಆಪರೇಷನ್. ಅವತ್ತು ನೀವು ನನಗೆ ಒಪ್ಪಂದ ಕೊಡಬಹುದೇ ಎಂದು ಕೇಳಿದರು. ಅಷ್ಟು ಉದ್ದದ ಮನುಷ್ಯ ಮಗುವಿನ ಹಾಗೆ ಮುಖ ಮಾಡಿಕೊಂಡಿದ್ದರು. ಜೀವಮಾನವಿಡೀ ಕತ್ತರಿ ಹಿಡಿದ ಡಾಕ್ಟರಿಗೆ ತನ್ನ ಹೊಟ್ಟೆಗೆ ಕತ್ತರಿ ಎಂದರೆ ಭಯ!

ನಾನು ಗಾಳಿಯಲ್ಲಿ ತೇಲುತ್ತಿದ್ದೆ. "ಅವತ್ತು ಆಕಾಶವೇ ಕಳಚಿ ಬೀಳ್ಲಿ ಡಾಕ್ಟ್ರೇ, ನಾನು ಒಳಗೆ ಕಾಲಿಡಲ್ಲ," ಎಂದೆ. ಅವತ್ತಿನ ಕಲಾಪ ಏನೆಂದು ನೋಡಲೂ ಇಲ್ಲ.

ಅಕ್ಟೋಬರ್ 14, ಸೋಮವಾರ

ಆಕಾಶ ಕಳಚಿ ಬಿದ್ದಿದೆ.

ವಿರೋಧ ಪಕ್ಷದವರು ಇವತ್ತು ಅವಿಶ್ವಾಸ ನಿರ್ಣಯ ತಂದರು. ನಮ್ಮವರಲ್ಲೇ ಕೆಲವರು ಬೆಳಗಾಗುವಷ್ಟರಲ್ಲಿ ಆ ಕಡೆಗೆ ಹಾರಿದ್ದಾರೆ. ಹದಿನಾರಕ್ಕೆ ಓಟು. ಸೋತರೆ ಸರ್ಕಾರ ಮನೆಗೆ.

ದೊಡ್ಡವರು ಕರೆಸಿಕೊಂಡರು. ಅವರ ಕೋಣೆಗೆ ನಾನು ಹೋದದ್ದು ಇದೇ ಮೊದಲು. ಸೋಫಾ ಎಷ್ಟು ಮೆತ್ತಗಿತ್ತೆಂದರೆ ಕೂತ ಮೇಲೆ ಮೊಣಕಾಲು ಗಲ್ಲದ ಹತ್ತಿರ ಬಂತು. ಆ ಭಂಗಿಯಲ್ಲಿ ಯಾರಿಗೆ ತಾನೇ ಗಂಭೀರವಾಗಿ ಮಾತಾಡಲಾಗುತ್ತದೆ? ವಿಪ್ಪಣ್ಣ ಲೆಕ್ಕ ಒಪ್ಪಿಸಿದರು. ಡಾಕ್ಟರು ಹೇಗೂ ಆಸ್ಪತ್ರೆಯಲ್ಲಿ, ನಾನು ಹೋದರೆ ಎರಡೂ ಕಡೆ ಸಮ, ಆಗ ಸ್ಪೀಕರ್ ತಮ್ಮ ಓಟು ನಮಗೆ ಹಾಕುತ್ತಾರೆ, ಸರ್ಕಾರ ಉಳಿಯುತ್ತದೆ. ನಾನು ಹೋಗದಿದ್ದರೆ ಒಂದೇ ಒಂದು ಓಟಿನಿಂದ ಬೀಳುತ್ತದೆ.

ಮಾತು ಕೊಟ್ಟಿದ್ದೇನಲ್ಲ ಎಂದೆ. ಅದೆಲ್ಲ ಸಕ್ಕರೆ ಉಪ್ಪಿನ ಮಸೂದೆಗೆ ಮಾತ್ರ ಎಂದರು ದೊಡ್ಡವರು. ಬಾಯಿಮಾತಿಗೆ ಸಾಕ್ಷಿ ಯಾರು ಎಂದರು ವಿಪ್ಪಣ್ಣ. ಆಮೇಲೆ ದೊಡ್ಡವರು ಬಹಳ ಮೃದುವಾಗಿ ನನ್ನ ಊರಿನ ಬಗ್ಗೆ, ಅಂಗಡಿಯ ಬಗ್ಗೆ ವಿಚಾರಿಸಿ, ಉಪಮಂತ್ರಿ ಯಾಕೆ, ಪೂರ್ತಿ ಮಂತ್ರಿಯೇ ಆಗಿ ಎಂದರು. ಬಾಗಿಲ ತನಕ ಬಂದು, ಹೋಗದಿದ್ದರೆ ಪಕ್ಷದಲ್ಲಿ ನಿಮಗೆ ಜಾಗ ಇರುವುದಿಲ್ಲ ಎಂದೂ ಅಷ್ಟೇ ಮೃದುವಾಗಿ ಹೇಳಿದರು.

ಪೂರ್ತಿ ಮಂತ್ರಿ. ಜವಳಿ. ಕನ್ನಡಿಯ ಮುಂದೆ ನಿಂತು, ಮಾನ್ಯ ಮಂತ್ರಿಗಳೇ ಎಂದು ನನ್ನನ್ನೇ ಕರೆದುಕೊಂಡೆ. ಮೊದಲನೇ ಸಲ ಪುಳಕವಾಯಿತು. ಎರಡನೇ ಸಲ ಕನ್ನಡಿಯವಳು ಓಗೊಡಲಿಲ್ಲ.

ಅಕ್ಟೋಬರ್ 15, ಮಂಗಳವಾರ

ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಕೆಟ್ಟ ಯೋಚನೆ ಬಂತು. ನಿರ್ಣಯ ತಂದವರು ಅವರ ಪಕ್ಷದವರು. ತಾರೀಖು ಹೇಳಿದವರು ಅವರು. ನನಗೆ ಟೋಪಿ ಹಾಕಿದರೇ? ಟೀ, ಬೆಂಚು, ಊಟ ಆಯ್ತಾ ಎಂದು ಕೇಳಿದ್ದು, ಎಲ್ಲ ಇದಕ್ಕೇನಾ? ಸರ್ಕಾರ ಹೋದರೂ ಇಷ್ಟು ಸಂಕಟ ಆಗುತ್ತಿರಲಿಲ್ಲ. ಬಾಯಲ್ಲಿ ಪೇಸ್ಟು ಇಟ್ಟುಕೊಂಡೇ ಗಳಗಳ ಅತ್ತೆ.

ಮುಖ ತೊಳೆದು ನೇರ ಆಸ್ಪತ್ರೆಗೆ ಹೋದೆ. ನಿನ್ನೆಯೇ ಸೇರಿಸಿಕೊಂಡಿದ್ದರು. ಹಸಿರು ಗೌನು ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಹಿಂದೆ ಕಟ್ಟುವ ಲಾಡಿಯನ್ನು ಯಾರೋ ತಪ್ಪು ಕಟ್ಟಿದ್ದರು. ನಿರ್ಣಯದ ವಿಷಯ ನಿಮಗೆ ಮೊದಲೇ ಗೊತ್ತಿತ್ತೇ ಎಂದು ಬಾಗಿಲಲ್ಲೇ ಕೇಳಿದೆ.

ಅವರು ಸಿಟ್ಟಾಗಲಿಲ್ಲ. ಭಾನುವಾರದ ತನಕ ನಮ್ಮ ಪಕ್ಷದಲ್ಲೂ ನಾಲ್ಕೇ ಜನಕ್ಕೆ ಗೊತ್ತಿದ್ದದ್ದು, ನಾನು ಆ ನಾಲ್ಕರಲ್ಲಿ ಇಲ್ಲ, ಇರುವಷ್ಟು ದೊಡ್ಡವನೂ ಅಲ್ಲ ಎಂದರು. ಗೊತ್ತಾದ ಕೂಡಲೇ ಆಪರೇಷನ್ ಮುಂದೂಡಲು ಕೇಳಿದರಂತೆ, ಸರ್ಜನ್ ಬೈದು ಮಂಚ ಹತ್ತಿಸಿದರಂತೆ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಮೇಡಂ, ನಿಮ್ಮ ಮಾತು ನಿಮಗೆ ವಾಪಸ್. ಹೋಗಿ ಓಟು ಹಾಕಿ. ಮಂತ್ರಿ ಆಗಿ."

"ನಿಮ್ಮ ಪಕ್ಷ ಸೋಲುತ್ತೆ."

"ಸೋಲ್ಲಿ. ನಮಗದು ಅಭ್ಯಾಸ. ನೀವು ಮೂರು ಸಲ ಕಾದಿದ್ದೀರಿ."

ಅವರ ಕಡೆಯವರಿಗೆ ಈ ಮಾತು ಗೊತ್ತಾದರೆ ಅವರನ್ನು ಉಳಿಸುತ್ತಾರೆಯೇ? ಸಂತೋಷವಾಗಬೇಕಿತ್ತು, ನನಗೆ ಕೆಂಡದಂಥ ಸಿಟ್ಟು ಬಂತು. ದರ್ಜಿಗಳ ಮಾತು ನಂಬಬೇಡಿ ಎಂದು ಊರೂರಲ್ಲಿ ಆಡಿಕೊಳ್ಳುತ್ತಾರೆ. ನಮ್ಮ ಅಂಗಡಿಯಲ್ಲಿ ನಾಳೆ ಬನ್ನಿ ಎನ್ನುವ ಮಾತೇ ಇರಲಿಲ್ಲ. ಹೇಳಿದ ದಿನ ಬಟ್ಟೆ ರೆಡಿ, ಜ್ವರ ಇರಲಿ ಕರೆಂಟ್ ಹೋಗಿರಲಿ. ನಾನು ಓಟು ಗೆದ್ದದ್ದೇ ಅದರಿಂದ.

"ಮಾತು ಕೊಟ್ಟವಳು ನಾನು. ವಾಪಸ್ ಕೊಡೋಕೆ ನೀವ್ಯಾರು?" ಎಂದೆ. ಗೌನಿನ ಲಾಡಿ ಬಿಚ್ಚಿ ಸರಿಯಾಗಿ ಕಟ್ಟಿ, ತಿರುಗಿ ನೋಡದೆ ಬಂದೆ.

ಅಕ್ಟೋಬರ್ 16, ಬುಧವಾರ

ಬೆಳಗ್ಗೆಯೇ ಆಸ್ಪತ್ರೆಗೆ ಬಂದು ಕಾಯುವ ಕೋಣೆಯಲ್ಲಿ ಕೂತೆ. ಸದನಕ್ಕಂತೂ ಹೋಗುವ ಹಾಗಿಲ್ಲ, ಎಲ್ಲಾದರೂ ಕೂರಬೇಕಲ್ಲ. ನರ್ಸ್ ಬಂದು, ನೀವು ಅವರಿಗೆ ಏನಾಗಬೇಕು ಎಂದು ಕೇಳಿದಳು. ತಕ್ಷಣ ಏನೂ ತೋಚದೆ, ಆಡಳಿತ ಪಕ್ಷ ಎಂದೆ. ಅವಳು ಹಾಗೇ ಬರೆದುಕೊಂಡಳು.

ಅವರನ್ನು ಒಳಗೆ ಕರೆದುಕೊಂಡು ಹೋದ ಸ್ವಲ್ಪ ಹೊತ್ತಿಗೆ ವಿಪ್ಪಣ್ಣ ನುಗ್ಗಿದರು. ತಂಗಿಯಿಂದ ಪತ್ತೆ ಮಾಡಿಕೊಂಡು ಬಂದಿದ್ದರು, ಆ ಬಾಯಿಬಡುಕಿ ಆಸ್ಪತ್ರೆಯ ಮಹಡಿ ಸಮೇತ ಹೇಳಿದ್ದಾಳೆ. ಕಾರು ಕೆಳಗಿದೆ, ಇಂಜಿನ್ನು ಆಫ್ ಮಾಡಿಲ್ಲ, ಇನ್ನೂ ಹೊತ್ತಿದೆ ಎಂದರು. ನಾನು ಅಲ್ಲಾಡಲಿಲ್ಲ. ನನ್ನ ಮುಂದೆ ಮಂಡಿಯೂರಿ ಕೂತರು. ಪಕ್ಕದಲ್ಲಿದ್ದ ಮುದುಕಿ ಯಾರೋ ತೀರಿಹೋಗಿರಬೇಕೆಂದುಕೊಂಡು ಅವರ ಬೆನ್ನು ಸವರಿದಳು.

"ಅಮ್ಮ, ದಮ್ಮಯ್ಯ. ಒಂದೇ ಒಂದು ಓಟು."

ನನಗೆ ಅವರನ್ನು ನೋಡಿ ನಿಜವಾಗಿಯೂ ಕರುಳು ಚುರುಕ್ ಎಂದಿತು. ದಿನವಿಡೀ ಬೇರೆಯವರ ಕಾಲು ಹಿಡಿಯುವುದೇ ಒಂದು ಉದ್ಯೋಗ. ನಾನು ಬರುವುದಿಲ್ಲ ಎಂದು ಹೇಳಿದೆ, ಕ್ಷಮಿಸಿ ಎಂದೂ ಹೇಳಿದೆ. ಅಷ್ಟರಲ್ಲಿ ಗೋಡೆಯ ಟೀವಿಯಲ್ಲಿ ಸ್ಪೀಕರ್ ಎದ್ದು ನಿಂತು, ಇನ್ನು ಸ್ವಲ್ಪ ಹೊತ್ತಿಗೆ ಓಟು ಎಂದರು. ಆಗ ನನಗೆ ಹೊಳೆಯಿತು. "ವಿಪ್ಪಣ್ಣ, ನಿಮ್ಮ ಓಟು?" ಎಂದು ಕೂಗಿದೆ. ಹೆಸರು ಬಾಯಿ ತಪ್ಪಿ ಬಂದಿತ್ತು. ಅವರು ಒಂದು ಸಲ ನನ್ನನ್ನು, ಒಂದು ಸಲ ಟೀವಿಯನ್ನು ನೋಡಿ ಓಡಿದರು. ಮೆಟ್ಟಿಲು ಇಳಿದ ಹಾಗಿರಲಿಲ್ಲ, ಉರುಳಿದ ಹಾಗಿತ್ತು. ಕಾಯುವ ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಕಣ್ಣೀರು ಒರೆಸಿಕೊಳ್ಳುತ್ತಾ.

ಬಾಗಿಲು ಹಾಕುವ ಮೊದಲು ಒಳಗೆ ಬಿದ್ದರು. ಟೀವಿಯಲ್ಲಿ ನೋಡಿದೆ, ಒಂದು ಕಾಲಿಗೆ ಶೂ ಇರಲಿಲ್ಲ.

ಸರ್ಕಾರ ಒಂದು ಓಟಿನಿಂದ ಬಿತ್ತು. ಟೀವಿಯಲ್ಲಿ ನನ್ನ ಫೋಟೋ ಬಂತು, ಓಟಿಗೆ ಬರದವಳು ಎಂದು. ಕೋಣೆಯವರೆಲ್ಲ ಟೀವಿ ನೋಡಿ, ನನ್ನನ್ನು ನೋಡಿ, ಮತ್ತೆ ಟೀವಿ ನೋಡಿದರು. ಆದರೆ ನಾನು ನಿಜವಾಗಿ ನೋಡುತ್ತಿದ್ದದ್ದು ಆಪರೇಷನ್ ಕೋಣೆಯ ಬಾಗಿಲನ್ನು. ನರ್ಸ್ ಹೊರಗೆ ಬಂದು ಚೀಟಿ ನೋಡಿಕೊಂಡು, ಆಡಳಿತ ಪಕ್ಷದವರು ಯಾರು ಎಂದು ಕರೆದಳು.

"ನಾನೇ. ಈಗ ಅಲ್ಲ, ಬರೆಸಿದಾಗ."

ಆಪರೇಷನ್ ಚೆನ್ನಾಗಿ ಆಗಿದೆಯಂತೆ.

ಅಕ್ಟೋಬರ್ 18, ಶುಕ್ರವಾರ

ಸಂಸತ್ತು ವಿಸರ್ಜನೆಯಾಯಿತು. ಹೊಸ ಚುನಾವಣೆ. ಗೆದ್ದ ಡಾಕ್ಟರಿಗೂ ಸೀಟಿಲ್ಲ, ಸೋತ ನನಗೂ ಇಲ್ಲ. ಪಕ್ಷದಿಂದ ನನ್ನನ್ನು ತೆಗೆದಿದ್ದಾರೆ. ಆಫೀಸು ಕೋಣೆ ಖಾಲಿ ಮಾಡಿ ಕೀಲಿ ಕೊಟ್ಟು ಬಂದೆ. ಜವಳಿ ಖಾತೆಯ ಹತ್ತಿರ ಬಂದು ಮುಟ್ಟದೆ ಹೋದವಳು ಎಂದು ಒಂದು ಗಳಿಗೆ ಸಂಕಟವಾಯಿತು. ಇಲ್ಲ ಎಂದು ಯಾಕೆ ಸುಳ್ಳು ಬರೆಯಲಿ? ಆಮೇಲೆ ತಂಗಿ ಫೋನ್ ಮಾಡಿ, ಅಂಗಡಿ ಮುಂದೆ ಜನ ಸೇರಿದ್ದಾರೆ, ಮಾತು ಉಳಿಸಿಕೊಂಡವಳು ಅಂತ ಕುಣಿಯುತ್ತಿದ್ದಾರೆ, ಸ್ವತಂತ್ರವಾಗಿ ನಿಲ್ಲು, ಬ್ಯಾನರಿಗೆ ಬಟ್ಟೆ ಕತ್ತರಿಸಲು ಶುರು ಮಾಡಿದ್ದೇನೆ ಎಂದಳು. ನನ್ನನ್ನು ಕೇಳದೆಯೇ! ನಿಲ್ಲುತ್ತೇನೆ, ನಿಲ್ಲದೆ ಬಿಡುತ್ತೇನೆಯೇ.

ಆಸ್ಪತ್ರೆಗೆ ಹೋದೆ. ದಿಂಬಿಗೆ ಒರಗಿ ಸೂಪು ಕುಡಿಯುತ್ತಿದ್ದರು. ಎಷ್ಟು ಹೊಲಿಗೆ ಹಾಕಿದ್ದಾರೆ, ಯಾವ ದಾರ ಎಂದು ಕೇಳಿದೆ. ನೋಡ್ತೀರಾ ಎಂದರು. ಛೀ ಎಂದೆ. ಭುಜ ಕುಣಿದವು, ನೋವಾಗಿ ಮುಖ ಕಿವುಚಿದರು, ನಗಿಸಬೇಡಿ ಮೇಡಂ ಎಂದರು. ವಿಪ್ಪಣ್ಣ ಕಳೆದುಕೊಂಡ ಶೂ ವಿಷಯ ಹೇಳದೆ ಬಹಳ ಕಷ್ಟಪಟ್ಟು ತಡೆದುಕೊಂಡೆ.

ಪಕ್ಷ ನನ್ನನ್ನು ತೆಗೆದದ್ದು ಅವರಿಗೆ ಪೇಪರಿನಲ್ಲಿ ಗೊತ್ತಾಗಿತ್ತು. ಸೂಪಿನ ಬಟ್ಟಲು ಪಕ್ಕಕ್ಕಿಟ್ಟು, ನನ್ನಿಂದ ಹೀಗಾಯಿತು ಎಂದರು. ಬೇಕಾದರೆ ನಮ್ಮ ಪಕ್ಷಕ್ಕೆ ಬನ್ನಿ, ನಮ್ಮ ನಾಯಕರು ನಿಮ್ಮನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ, ಜವಳಿ ಖಾತೆಯನ್ನೇ ಕೊಟ್ಟರೂ ಕೊಟ್ಟಾರು ಎಂದರು. ಮನಸ್ಸಿನಿಂದಲೇ ಹೇಳುತ್ತಿದ್ದರು, ಪಾಪ. ನಾನು ಯೋಚನೆಯನ್ನೇ ಮಾಡಲಿಲ್ಲ, ಮಾತು ತಾನಾಗಿ ಹೊರಟಿತು.

"ನಿಮ್ಮ ಪಕ್ಷ ನನಗೆ ಹಿಡಿಸಲ್ಲ ಡಾಕ್ಟ್ರೇ. ನೀವು ಹಿಡಿಸ್ತೀರಿ."

ಆಡಿದ ಮೇಲೆ ನನ್ನ ಕಿವಿಗೇ ಕೇಳಿಸಿತು. ಮುಖಕ್ಕೆ ಬಿಸಿ ಹತ್ತಿತು. ಅವರು ಬಟ್ಟಲಿಗೆ ಚಾಚಿದ ಕೈ ಹಾಗೇ ಹಿಡಿದುಕೊಂಡು ಕೂತರು. ಸದನದಲ್ಲಾದರೆ ಆಡಬಾರದ ಮಾತು ಬಾಯಿಗೆ ಬಂದಾಗ ಸ್ಪೀಕರ್ ಅದನ್ನು ಕಡತದಿಂದ ತೆಗೆಸಿಬಿಡುತ್ತಾರೆ, ಯಾರೂ ಆಡಿಯೇ ಇಲ್ಲ ಎಂಬಂತಾಗುತ್ತದೆ. ಇಲ್ಲಿ ಯಾವ ಸ್ಪೀಕರ್? ನಾನೇ ಎದ್ದು, ಆ ಮಾತನ್ನು ಕಡತದಿಂದ ತೆಗೆದುಬಿಡಿ ಎಂದು ತೊದಲಿದೆ.

ಅವರು ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದರು. ನಗಲಿಲ್ಲ.

"ಬೇಡ," ಎಂದರು. "ಇರ್ಲಿ."

ಮತ್ತೆ ಕೂತೆ. ಸೂಪು ಆರಿಹೋಯಿತು, ಇಬ್ಬರಿಗೂ ನೆನಪಾಗಲಿಲ್ಲ. ಆ ಮಾತನ್ನು ಇಲ್ಲಿಯೂ ತೆಗೆಯದೆ ಹಾಗೇ ಬರೆದಿದ್ದೇನೆ.